ಸತ್ತು ಬಂದ ಟ್ರೈಕೋಗ್ರಾಮಾ ಕಾರ್ಡ್, ಚೀಟಿ ಅಂಟಿಸಿದ ಟ್ರೈಕೋಡರ್ಮಾ ಪೊಟ್ಟಣ: ಒಂದು ದೂರು

ಇಂದ,
ನಿಮ್ಮ ಗ್ರಾಹಕರಾದ ಒಬ್ಬ ಟೊಮೆಟೊ ಬೆಳೆಗಾರರು

ಗೆ,
ವ್ಯವಸ್ಥಾಪಕರು,
ಜೈವಿಕ ಕೀಟನಾಶಕ ಮತ್ತು ಜೈವಿಕ ಗೊಬ್ಬರ ಮಾರಾಟ ವಿಭಾಗ

ವಿಷಯ: ತಡವಾಗಿ, ಸತ್ತು ಬಂದ ಟ್ರೈಕೋಗ್ರಾಮಾ ಕಾರ್ಡ್‌ಗಳು, ದಿನಾಂಕ ಮರೆಮಾಡಿದ ಟ್ರೈಕೋಡರ್ಮಾ ಪೊಟ್ಟಣಗಳು ಮತ್ತು ನಿಮ್ಮ ಸಹಾಯವಾಣಿ ಕೊಟ್ಟ ತಪ್ಪು ಸಲಹೆ

ಮಾನ್ಯರೇ,

ಮೂರು ವರ್ಷದಿಂದ ನಾನು ನಿಮ್ಮ ಗ್ರಾಹಕ. ಒಂದೂವರೆ ಎಕರೆಯಲ್ಲಿ ಟೊಮೆಟೊ ಬೆಳೆಯುತ್ತೇನೆ. ವಿಷದ ಔಷಧಿ ಆದಷ್ಟು ಕಡಿಮೆ ಮಾಡಬೇಕು ಅಂತ ನಿರ್ಧಾರ ಮಾಡಿ ನಿಮ್ಮಲ್ಲಿಗೆ ಬಂದವನು. ಹಿಂದಿನ ಎರಡು ವರ್ಷ ನಿಮ್ಮ ಸಾಮಾನು ಚೆನ್ನಾಗಿಯೇ ಇತ್ತು. ಈ ಸಲ ಆದದ್ದನ್ನು ಹೇಳದೇ ಸುಮ್ನೆ ಇರಲು ನನ್ನಿಂದ ಆಗುತ್ತಿಲ್ಲ.

ಮೊದಲು ಕಾರ್ಡ್‌ಗಳ ವಿಚಾರ. ಟ್ರೈಕೋಗ್ರಾಮಾ ಎಂಬ ಕಣಜ ಒಳಗೆ ಬೆಳೆಯುತ್ತಿರುವ ಮೊಟ್ಟೆಗಳನ್ನು ಅಂಟಿಸಿದ ಕಾಗದದ ತುಂಡುಗಳು ಅವು. ನನಗೆ ಜಾಸ್ತಿ ನೋವಾಗಿದ್ದು ಅಲ್ಲೇ.

ಹೂ ಬಿಡುವ ಹೊತ್ತಿಗೆ ಹೊಲದಲ್ಲಿ ಮೋಹಕ ಬಲೆ (ವಾಸನೆಯಿಂದ ಗಂಡು ಪತಂಗಗಳನ್ನು ಸೆಳೆಯುವ ಬಲೆ) ಕಟ್ಟಿದ್ದೆ. ಪ್ರತಿದಿನ ಬೆಳಿಗ್ಗೆ ಬಲೆಗೆ ಬಿದ್ದ ಕಾಯಿಕೊರಕದ ಪತಂಗ ಎಣಿಸಿ ಪುಸ್ತಕದಲ್ಲಿ ಬರೆಯುತ್ತೇನೆ. ಒಂದು ವಾರ ಒಂದೋ ಎರಡೋ ಬೀಳುತ್ತಿದ್ದವು. ಆಮೇಲೆ ನಾಲ್ಕಾದವು, ಮತ್ತೆರಡು ದಿನಕ್ಕೆ ಒಂಬತ್ತಾದವು. ಗಿಡದ ತುದಿಯ ಎಲೆ ತಿರುಗಿಸಿ ನೋಡಿದರೆ ಹೂವಿನ ಹತ್ತಿರ ಒಂದೊಂದೇ ಮೊಟ್ಟೆ, ಬಿಳಿ ಹಳದಿ ಬಣ್ಣದ್ದು, ಸಾಸಿವೆಗಿಂತ ಚಿಕ್ಕದು. ಅವತ್ತೇ, ಸೋಮವಾರ, ನಿಮಗೆ ಕಾರ್ಡ್ ಬೇಕೆಂದು ಹೇಳಿದೆ. ಎರಡು ದಿನದಲ್ಲಿ ಬರುತ್ತದೆ ಅಂದಿರಿ.

ಎರಡು ದಿನ ಯಾಕೆ ಮುಖ್ಯ ಅಂತ ನಿಮಗೆ ಗೊತ್ತಿರಲೇಬೇಕು. ಆದರೂ ಬರೆಯುತ್ತೇನೆ. ಈ ಪತ್ರ ನಿಮ್ಮ ಸಾಗಾಣಿಕೆಯವರ ಕೈಗೂ ಹೋಗಲಿ. ಬಿಸಿಲಿನ ದಿನಗಳಲ್ಲಿ ಕಾಯಿಕೊರಕದ ಮೊಟ್ಟೆ ಮೂರು ನಾಲ್ಕು ದಿನದಲ್ಲಿ ಒಡೆಯುತ್ತದೆ. ಟ್ರೈಕೋಗ್ರಾಮಾ ಎಂಬ ಸಣ್ಣ ಕಣಜ ಆ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಹಾಗಾಗಿ ಹುಳು ಹುಟ್ಟುವುದೇ ಇಲ್ಲ. ಈ ಕಣಜ ಒಂದು ಮಿಲಿಮೀಟರ್ ಕೂಡ ಇಲ್ಲ. ಅದಕ್ಕೆ ಮೊಟ್ಟೆ ಮಾತ್ರ ಬೇಕು, ಹುಟ್ಟಿದ ಹುಳುವನ್ನು ಅದು ಏನೂ ಮಾಡುವುದಿಲ್ಲ. ಹುಟ್ಟಿದ ಹುಳು ಕಾಯಿ ಕೊರೆದು ಒಳಗೆ ಸೇರಿದರೆ ಯಾವ ಸಿಂಪಡಣೆಯೂ ಅದನ್ನು ಸರಿಯಾಗಿ ಮುಟ್ಟುವುದಿಲ್ಲ. ಅಂದರೆ ನನಗೆ ಇದ್ದ ಸಮಯ ಅಷ್ಟೇ.

ಕಾರ್ಡ್ ಬಂದಿದ್ದು ಎಂಟನೇ ದಿನ. ಕೊರಿಯರ್ ಚೀಟಿ ನೋಡಿದರೆ ಐದು ದಿನ ಒಂದೇ ಗೋದಾಮಿನಲ್ಲಿ ಬಿದ್ದಿತ್ತು. ಐಸ್ ಪ್ಯಾಕ್ ಇರಲಿಲ್ಲ. ಥರ್ಮಾಕೋಲ್ ಡಬ್ಬಿ ಇರಲಿಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಕವರಿನಲ್ಲಿ ಕಾರ್ಡ್‌ಗಳನ್ನು ಒಂದರ ಮೇಲೊಂದು ಒತ್ತಿ ಇಟ್ಟಿದ್ದಿರಿ. ಕಣಜ ಯಾವ ದಿನ ಹೊರಬರುತ್ತದೆ ಎಂಬ ದಿನಾಂಕ ಯಾವ ಕಾರ್ಡಿನ ಮೇಲೂ ಇರಲಿಲ್ಲ.

ನನ್ನ ಮಗಳು ಶಾಲೆಯ ಭೂತಕನ್ನಡಿ ತಂದು ಕೊಟ್ಟಳು. ಇಬ್ಬರೂ ಕೂತು ನೋಡಿದೆವು. ಕಾರ್ಡಿನ ಮೇಲಿನ ಕಪ್ಪು ಮೊಟ್ಟೆಗಳಲ್ಲಿ ಹೆಚ್ಚಿನವಕ್ಕೆ ದುಂಡಗಿನ ತೂತು ಬಿದ್ದಿತ್ತು. ಕವರಿನ ತಳದಲ್ಲಿ ಕಪ್ಪು ಪುಡಿ. ಅದು ಪುಡಿಯಲ್ಲ, ಸತ್ತ ಕಣಜಗಳು. ಒಂದು ಕಾರ್ಡಿಗೆ 20,000 ಅಂತ ನೀವು ಅಚ್ಚು ಹಾಕಿಸಿದ್ದೀರಿ. ಅದರಲ್ಲಿ ಹೆಚ್ಚಿನವು ದಾರಿಯಲ್ಲೇ ಹುಟ್ಟಿ, ಹಾರಲು ಜಾಗವಿಲ್ಲದೆ, ಪ್ಲಾಸ್ಟಿಕ್ಕಿನೊಳಗೇ ಸತ್ತಿವೆ. ಮಗಳು ಅದನ್ನು ನೋಡಿ ಬಹಳ ಹೊತ್ತು ಮಾತಾಡಲಿಲ್ಲ.

ಇದು ತಪ್ಪಿಸಲಾಗದ ವಿಷಯ ಅಲ್ಲ. ಕಾರ್ಡನ್ನು ತಂಪಿನಲ್ಲಿಟ್ಟರೆ ಕಣಜ ಹೊರಬರುವುದನ್ನು ಕೆಲವು ದಿನ ಮುಂದೆ ಹಾಕಬಹುದು. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 1888ರಲ್ಲಿ ಆಸ್ಟ್ರೇಲಿಯಾದಿಂದ ಕ್ಯಾಲಿಫೋರ್ನಿಯಾಕ್ಕೆ ಗುಲಗಂಜಿ ಹುಳುಗಳನ್ನು ಹಡಗಿನಲ್ಲಿ ಜೀವಂತ ಸಾಗಿಸಿದ್ದರು. ಅಲ್ಲಿನ ಕಿತ್ತಳೆ ತೋಟಗಳನ್ನು ಹತ್ತಿಯಂಥ ಬಿಳಿ ಶಲ್ಕ ಕೀಟ ಹಾಳು ಮಾಡುತ್ತಿತ್ತು. ಮೊದಲ ಮೂರು ಕಂತಿನಲ್ಲಿ ತಲುಪಿದ್ದು ಬರೀ 129 ಹುಳು. ಅವು ಮರಿ ಮಾಡಿ ಹರಡಿದವು, ಆ ಶಲ್ಕ ಕೀಟವನ್ನು ತಿಂದವು, ತೋಟಗಳು ಉಳಿದವು. ವಾರಗಟ್ಟಲೆ ಸಮುದ್ರದ ದಾರಿ, ಆ ಕಾಲದ ಹಡಗು. ಆದರೂ ಸಾಗಿಸಿದವರಿಗೆ ತಮ್ಮ ಪೆಟ್ಟಿಗೆಯಲ್ಲಿರುವುದು ಜೀವ ಅಂತ ನೆನಪಿತ್ತು. ನಿಮ್ಮ ಗೋದಾಮಿನವರಿಗೆ ಅದನ್ನು ಯಾರೂ ಹೇಳಿಲ್ಲ ಅನ್ನಿಸುತ್ತದೆ. ಕವರಿನ ಹೊರಗೆ 'ಒಳಗೆ ಜೀವಂತ ಕೀಟಗಳಿವೆ, ತಂಪಿನಲ್ಲಿಡಿ' ಎಂಬ ಒಂದು ಸಾಲು ಕೂಡ ಇರಲಿಲ್ಲ.

ಎರಡನೆಯದು ಟ್ರೈಕೋಡರ್ಮಾ, ಮಣ್ಣಿನಿಂದ ಬರುವ ರೋಗ ತಡೆಯಲು ಹಾಕುವ ಪುಡಿ. ಸಸಿಮಡಿಗೂ ನಾಟಿಯ ಗುಂಡಿಗೂ ಹಾಕಲು ಹತ್ತು ಪೊಟ್ಟಣ ತಗೊಂಡಿದ್ದೆ. ಸಸಿಮಡಿಗೆ ಆರು ಖರ್ಚಾದ ಮೇಲೆ, ಏಳನೇ ಪೊಟ್ಟಣದ ಅವಧಿ ದಿನಾಂಕದ ಚೀಟಿ ಒದ್ದೆ ಕೈಗೆ ಸಿಕ್ಕಿ ಕಿತ್ತು ಬಂತು. ಅದರ ಕೆಳಗೆ ಇನ್ನೊಂದು ದಿನಾಂಕ ಅಚ್ಚಾಗಿತ್ತು. ಆ ದಿನಾಂಕ ಮುಗಿದು ಏಳು ತಿಂಗಳಾಗಿತ್ತು. ಉಳಿದ ಮೂರನ್ನೂ ನೋಡಿದೆ. ಎರಡರಲ್ಲಿ ಅದೇ ಕಥೆ. ಒಂದರ ಚೀಟಿಯನ್ನು ನಾನು ಕಿತ್ತಿಲ್ಲ. ಅದನ್ನು ಹಾಗೇ, ಬಾಯಿ ಒಡೆಯದೆ, ನಿಮಗಾಗಿ ಎತ್ತಿಟ್ಟಿದ್ದೇನೆ.

ಟ್ರೈಕೋಡರ್ಮಾ ಸುಣ್ಣದಂತೆ ವರ್ಷಗಟ್ಟಲೆ ಇಡುವ ಪುಡಿ ಅಲ್ಲ. ಅದು ಜೀವ ಇರುವ ಶಿಲೀಂಧ್ರ. ಬಿಸಿಯಲ್ಲಿಟ್ಟರೆ, ದಿನ ಕಳೆದರೆ, ಪುಡಿ ಹಾಗೇ ಇರುತ್ತದೆ, ಅದರೊಳಗಿನ ಜೀವ ಹೋಗುತ್ತದೆ. ಕಣ್ಣಿಗೆ ಏನೂ ವ್ಯತ್ಯಾಸ ಕಾಣುವುದಿಲ್ಲ. ರೈತ ನಂಬುವುದು ಆ ದಿನಾಂಕವನ್ನು ಮಾತ್ರ. ಅದನ್ನೇ ಮುಚ್ಚಿದರೆ ನಾವು ಇನ್ನೇನನ್ನು ನೋಡಿ ಕೊಳ್ಳಬೇಕು?

ಅನುಮಾನ ಬಂದ ಮೇಲೆ ನಾನೇ ಒಂದು ಸಣ್ಣ ಪರೀಕ್ಷೆ ಮಾಡಿದೆ. ಬೇಯಿಸಿ ಆರಿಸಿದ ಧಾನ್ಯವನ್ನು ಎರಡು ಸ್ವಚ್ಛ ಡಬ್ಬಿಗೆ ಹಾಕಿದೆ. ಒಂದಕ್ಕೆ ನಿಮ್ಮ ಪುಡಿ, ಇನ್ನೊಂದಕ್ಕೆ ಬೇರೆ ಕಡೆಯಿಂದ ತಂದ ಹೊಸ ಪುಡಿ ಚಿಟಿಕೆಯಷ್ಟು ಬೆರೆಸಿದೆ. ಎರಡನ್ನೂ ನೆರಳಲ್ಲಿ ಪಕ್ಕಪಕ್ಕ ಇಟ್ಟೆ. ಐದನೇ ದಿನ ಹೊಸ ಪುಡಿಯ ಡಬ್ಬಿಯಲ್ಲಿ ಹಸಿರು ಬೂಷ್ಟು ತುಂಬಿಕೊಂಡಿತ್ತು. ಅದು ಟ್ರೈಕೋಡರ್ಮಾ ಬೆಳೆದ ಗುರುತು. ನಿಮ್ಮ ಪುಡಿಯ ಡಬ್ಬಿಯಲ್ಲಿ ಕಪ್ಪು ಬೂಷ್ಟು ಬಂತು, ಹಸಿರು ಬರಲೇ ಇಲ್ಲ. ಇದು ಪ್ರಯೋಗಾಲಯದ ಪರೀಕ್ಷೆ ಅಲ್ಲ, ಒಪ್ಪುತ್ತೇನೆ. ಒಂದು ಗ್ರಾಂನಲ್ಲಿ ಎಷ್ಟು ಜೀವಕಣ ಉಳಿದಿವೆ ಅಂತ ನೀವೇ ಎಣಿಸಿ ಹೇಳಿ.

ಹೊಲದಲ್ಲಿ ಸುಮಾರು ನಾಲ್ಕು ಸಾಲು ಗಿಡ ಸೊರಗಿ ಹೋದವು. ಎಲ್ಲವೂ ನಿಮ್ಮ ಪುಡಿಯಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ, ಅದು ಸುಳ್ಳಾಗುತ್ತದೆ. ಸೊರಗು ಬ್ಯಾಕ್ಟೀರಿಯಾದಿಂದಲೂ ಬರುತ್ತದೆ, ಅದಕ್ಕೆ ಟ್ರೈಕೋಡರ್ಮಾವನ್ನು ನಂಬಿ ಕೂರುವಂತಿಲ್ಲ. ಅದಕ್ಕೇ ಸೊರಗಿದ ಗಿಡದ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ತೂಗುಬಿಟ್ಟು ನೋಡಿದೆ. ಬ್ಯಾಕ್ಟೀರಿಯಾ ಇದ್ದರೆ ಹಾಲಿನಂಥ ಎಳೆ ಇಳಿಯುತ್ತದೆ. ಇಳಿಯಲಿಲ್ಲ. ಕಾಂಡ ಸೀಳಿದರೆ ಒಳಗೆ ಕಂದು ಗೆರೆ ಇತ್ತು. ಇದು ಮಣ್ಣಿನ ಶಿಲೀಂಧ್ರದ ಸೊರಗು, ನಿಮ್ಮ ಪೊಟ್ಟಣದ ಹಿಂದೆ ತಡೆಯುತ್ತೇವೆ ಅಂತ ಬರೆದಿರುವ ರೋಗವೇ. ನಾನು ಹೊಲದ ನೀರು ಬಸಿಯುವ ಕಾಲುವೆ ಸರಿ ಮಾಡಿದ್ದೆ. ಹೋದ ಸಲ ಅಲ್ಲಿ ಟೊಮೆಟೊ ಹಾಕಿರಲಿಲ್ಲ, ಜೋಳ ಹಾಕಿದ್ದೆ. ಕೊಟ್ಟಿಗೆ ಗೊಬ್ಬರ ಚೆನ್ನಾಗಿ ಕೊಳೆತದ್ದು. ನನ್ನ ಕಡೆಯಿಂದ ಮಾಡಬೇಕಾದ್ದನ್ನು ಮಾಡಿದ್ದೆ.

ಮೂರನೆಯದು ನಿಮ್ಮ ಸಹಾಯವಾಣಿ. ಕಾರ್ಡ್ ಸತ್ತು ಬಂದ ದಿನವೇ ಫೋನ್ ಮಾಡಿದೆ. ಆ ಕಡೆಯವರು ಮರ್ಯಾದೆಯಿಂದಲೇ ಮಾತಾಡಿದರು, ಅದನ್ನು ಹೇಳಲೇಬೇಕು. ಆದರೆ ಕೊಟ್ಟ ಸಲಹೆ ಕೇಳಿ ನನಗೆ ಗಾಬರಿಯಾಯಿತು. ಒಂದು ಪೈರೆಥ್ರಾಯ್ಡ್, ಅಂದರೆ ರಾಸಾಯನಿಕ ಕೀಟನಾಶಕದ ಹೆಸರು ಹೇಳಿ, ವಾರಕ್ಕೊಂದು ಸಲ ಹೊಡೆಯುತ್ತಾ ಹೋಗಿ ಅಂದರು. ಸೊರಗಿಗೆ ಟ್ರೈಕೋಡರ್ಮಾವನ್ನು ತಾಮ್ರದ ಶಿಲೀಂಧ್ರನಾಶಕದ ಜೊತೆ ಒಂದೇ ಡ್ರಮ್ಮಿನಲ್ಲಿ ಕಲಸಿ ಬುಡಕ್ಕೆ ಹಾಕಿ ಅಂದರು.

ಟ್ರೈಕೋಡರ್ಮಾ ತಾನೇ ಒಂದು ಶಿಲೀಂಧ್ರ ಅಲ್ವಾ? ಶಿಲೀಂಧ್ರ ಕೊಲ್ಲುವ ಔಷಧಿ ಜೊತೆ ಕಲಸಿದರೆ ಅದಕ್ಕೂ ಪೆಟ್ಟು. ಇನ್ನು ಪೈರೆಥ್ರಾಯ್ಡ್ ಹೊಡೆದರೆ ನನ್ನ ಹೊಲದಲ್ಲಿರುವ ಗುಲಗಂಜಿ ಹುಳು, ಜೇಡದಂಥ, ಕೀಟ ತಿನ್ನುವ ಜೀವಿಗಳಲ್ಲಿ ಹೆಚ್ಚಿನವು ಸಾಯುತ್ತವೆ. ಅವು ಹೋದ ಮೇಲೆ ಕೆಂಪು ನುಸಿ ಏರುತ್ತದೆ. ಕಾಯಿಕೊರಕವೋ, ಈ ಗುಂಪಿನ ಔಷಧಿಗೆ ಎಷ್ಟೋ ಕಡೆ ಜಗ್ಗದಂತೆ ಆಗಿದೆ. ಹುಳು ಉಳಿಯುತ್ತದೆ, ಅದನ್ನು ತಿನ್ನುವವು ಸಾಯುತ್ತವೆ. ಹುಳು ಇರಲಿ ಇಲ್ಲದಿರಲಿ ವಾರಕ್ಕೊಮ್ಮೆ ಹೊಡೆಯಿರಿ ಎನ್ನುವ ಪದ್ಧತಿ ಬೇಡ, ಹೊಲ ನೋಡಿ, ಹುಳು ಎಣಿಸಿ, ನಷ್ಟ ಆಗುವ ಮಟ್ಟ ಮುಟ್ಟಿದಾಗ ಮಾತ್ರ ಔಷಧಿ ಹಿಡಿಯಿರಿ ಎಂಬ ಲೆಕ್ಕವನ್ನು ಕೀಟ ವಿಜ್ಞಾನಿಗಳು 1959ರಲ್ಲೇ ಬರೆದಿಟ್ಟಿದ್ದಾರೆ. ಜೈವಿಕ ಸಾಮಾನು ಮಾರುವ ನೀವು ಅದಕ್ಕಿಂತ ಹಿಂದಕ್ಕೆ ಹೋಗಿ ಸಲಹೆ ಕೊಡುತ್ತಿದ್ದೀರಿ.

ನಾನು ಆ ಸಲಹೆ ಪಾಲಿಸಲಿಲ್ಲ. ತೂತು ಬಿದ್ದ ಕಾಯಿಗಳನ್ನು ಕೈಯಿಂದ ಕಿತ್ತು ಹೊಲದಿಂದ ಆಚೆ ಒಯ್ದು ನಾಶ ಮಾಡಿದೆವು. ಆಗತಾನೇ ಹುಟ್ಟಿ ಇನ್ನೂ ಎಲೆ ಮೇಲಿದ್ದ ಮರಿಗಳಿಗೆ ಬಿಟಿ (ಹುಳು ಕೊಲ್ಲುವ ಒಂದು ಬ್ಯಾಕ್ಟೀರಿಯಾ) ದ್ರಾವಣವನ್ನು ಸಂಜೆ ಹೊತ್ತು ಹೊಡೆದೆ. ಬಿಸಿಲಿಗೆ ಅದರ ಶಕ್ತಿ ಬೇಗ ಹೋಗುತ್ತದೆ, ಸಂಜೆಯೇ ಸರಿ. ಸಾಲುಗಳ ನಡುವೆ ಚೆಂಡು ಹೂ ಮೊದಲೇ ಹಾಕಿದ್ದೆ. ಪತಂಗಗಳು ಅದರ ಮೊಗ್ಗಿನ ಮೇಲೂ ಮೊಟ್ಟೆ ಇಟ್ಟಿದ್ದವು. ಹಾಗಾಗಿ ಒಂದಷ್ಟು ಉಳಿಯಿತು. ಆದರೂ ಮೊದಲ ಎರಡು ಸಲ ಬಿಡಿಸಿದಾಗ ಮೂರು ಕಾಯಲ್ಲಿ ಒಂದಕ್ಕೆ ತೂತು ಇತ್ತು.

ನಡುವೆ ಇನ್ನೊಂದು ಮಾತು. ಹೂ ಉದುರುತ್ತಿದೆ ಅಂತ ಅದೇ ಫೋನಿನಲ್ಲಿ ಹೇಳಿದ್ದಕ್ಕೆ ನಿಮ್ಮ ಟಾನಿಕ್ ತಗೊಳ್ಳಿ ಅಂದರು. ಆ ವಾರ ಬಿಸಿಲು 38 ಡಿಗ್ರಿ ದಾಟಿತ್ತು. ಅಷ್ಟು ಬಿಸಿಗೆ ಟೊಮೆಟೊ ಪರಾಗ ಕೆಡುತ್ತದೆ, ಹೂ ನಿಲ್ಲುವುದಿಲ್ಲ. ಬುಡಕ್ಕೆ ಒಣಹುಲ್ಲಿನ ಹೊದಿಕೆ, ತಪ್ಪದೆ ಸ್ವಲ್ಪ ಸ್ವಲ್ಪ ನೀರು, ಬದುವಿಗೆ ಎರಡು ಸಾಲು ಮೆಕ್ಕೆಜೋಳದ ಗಾಳಿತಡೆ. ನನಗೆ ಉಪಯೋಗಕ್ಕೆ ಬಂದಿದ್ದು ಇಷ್ಟೇ. ರೈತ ಕೇಳಿದ ಪ್ರಶ್ನೆಗೆ ಉತ್ತರ ಬಾಟಲಿಯಲ್ಲಿ ಇಲ್ಲದಿದ್ದಾಗ ಇಲ್ಲ ಅಂತ ಹೇಳುವುದಕ್ಕೂ ನಿಮ್ಮವರಿಗೆ ಅನುಮತಿ ಕೊಡಿ.

ನನ್ನ ಬೆಳೆ ನಷ್ಟಕ್ಕಿಂತ ನನ್ನನ್ನು ಜಾಸ್ತಿ ಕಾಡುತ್ತಿರುವುದು ಬೇರೆ. ಪಕ್ಕದ ಹೊಲದವರು ಎರಡು ವರ್ಷ ನನ್ನನ್ನು ನೋಡಿ, ಈ ಸಲ ತಾವೂ ಕಾರ್ಡ್ ಕಟ್ಟುತ್ತೇವೆ ಅಂದಿದ್ದರು. ನನ್ನ ಮಾತಿನ ಮೇಲೆ ನಿಮ್ಮಲ್ಲೇ ತರಿಸಿದರು. ಅವರಿಗೂ ಬಂದಿದ್ದು ಸತ್ತ ಕಾರ್ಡೇ. ಅವರಿಗೆ ಭೂತಕನ್ನಡಿಯಲ್ಲಿ ನೋಡಬೇಕು ಅಂತ ಗೊತ್ತಿಲ್ಲ, ಹಾಗೇ ಎಲೆಯ ಅಡಿಗೆ ಕಟ್ಟಿ ಹತ್ತು ದಿನ ಕಾದರು. ಹುಳು ಬಂತು. 'ಇದೆಲ್ಲ ಕೆಲಸ ಮಾಡಲ್ಲ ಕಣಪ್ಪ' ಅಂತ ಹೇಳಿ ಮತ್ತೆ ಪಂಪು ಹೆಗಲಿಗೇರಿಸಿದರು. ಅವರಿಗೆ ನಾನು ಏನು ಹೇಳಲಿ? ಪದ್ಧತಿ ಸೋಲಲಿಲ್ಲ, ಪೆಟ್ಟಿಗೆಯಲ್ಲಿ ಜೀವ ಇರಲಿಲ್ಲ ಅಂತ ಹೇಳಿದೆ. ಅವರು ತಲೆ ಅಲ್ಲಾಡಿಸಿದರು ಅಷ್ಟೆ. ರಾಸಾಯನಿಕ ಔಷಧಿ ಕೆಲಸ ಮಾಡದಿದ್ದರೆ ರೈತ ಕಂಪನಿ ಬದಲಾಯಿಸುತ್ತಾನೆ. ಜೈವಿಕ ಔಷಧಿ ಕೆಲಸ ಮಾಡದಿದ್ದರೆ ದಾರಿಯನ್ನೇ ಬಿಟ್ಟುಬಿಡುತ್ತಾನೆ. ನಿಮ್ಮ ಗೋದಾಮಿನ ಐದು ದಿನದ ಬೆಲೆ ಅದು.

ಈಗ ನನಗೆ ಬೇಕಾದ್ದು ಹೇಳುತ್ತೇನೆ. ನನ್ನ ಮತ್ತು ನನ್ನ ಪಕ್ಕದವರ ಕಾರ್ಡ್‌ಗಳ ಪೂರ್ತಿ ಹಣ, ಹತ್ತು ಪೊಟ್ಟಣದ ಹಣ ವಾಪಸ್ ಆಗಬೇಕು. ಚೀಟಿ ಅಂಟಿಸಿದ ಆ ಬ್ಯಾಚ್ ಇನ್ನೂ ಅಂಗಡಿಗಳಲ್ಲಿದ್ದರೆ ತಕ್ಷಣ ಹಿಂದಕ್ಕೆ ತಗೊಳ್ಳಿ. ಕೊಂಡ ರೈತರ ಫೋನ್ ನಂಬರ್ ನಿಮ್ಮ ಬಳಿ ಇದೆ, ಅವರಿಗೆಲ್ಲ ತಿಳಿಸಿ. ಸಸಿಮಡಿಗೆ ಹಾಕುವ ಮೊದಲೇ ಅವರಿಗೆ ಗೊತ್ತಾಗಬೇಕು. ಚೀಟಿ ಅಂಟಿಸಿದ್ದು ಕಾರ್ಖಾನೆಯಲ್ಲೋ, ವಿತರಕರಲ್ಲೋ, ಅಂಗಡಿಯಲ್ಲೋ ನನಗೆ ಗೊತ್ತಿಲ್ಲ. ಅದನ್ನು ಪತ್ತೆ ಮಾಡಿ ನನಗೆ ಬರಹದಲ್ಲಿ ಕೊಡಿ.

ಇನ್ನು ಮುಂದೆ ಕಾರ್ಡನ್ನು ತಂಪು ಪೆಟ್ಟಿಗೆಯಲ್ಲಿ, ವಾರದ ಮೊದಲ ದಿನಗಳಲ್ಲಿ ಮಾತ್ರ ಕಳಿಸಿ. ರಜೆಯ ಮುಂದೆ ಕಳಿಸಿದರೆ ಗೋದಾಮಿನಲ್ಲೇ ಸಾಯುತ್ತವೆ. ಪ್ರತಿ ಕಾರ್ಡಿನ ಮೇಲೆ ಕಣಜ ಹೊರಬರುವ ದಿನಾಂಕ ಇರಲಿ. ಹೇಗೆ ಕತ್ತರಿಸಬೇಕು, ಎಲೆಯ ಅಡಿಭಾಗಕ್ಕೆ ಹೇಗೆ ಚುಚ್ಚಬೇಕು, ಸಂಜೆಯೋ ಬೆಳಗಿನ ಜಾವವೋ, ಆಸುಪಾಸಿನ ದಿನಗಳಲ್ಲಿ ಯಾಕೆ ಕೀಟನಾಶಕ ಹೊಡೆಯಬಾರದು, ಸತ್ತ ಕಾರ್ಡನ್ನು ಹೇಗೆ ಗುರುತಿಸಬೇಕು ಅಂತ ಕನ್ನಡದಲ್ಲಿ ಒಂದು ಹಾಳೆ ಜೊತೆಗಿಡಿ. ದೊಡ್ಡ ಅಕ್ಷರದಲ್ಲಿ ಇರಲಿ. ಸಹಾಯವಾಣಿಯಲ್ಲಿ ಕೂರುವವರನ್ನು ಒಂದು ಬೆಳೆಯ ಅವಧಿಯಾದರೂ ಹೊಲಕ್ಕೆ ಕಳಿಸಿ. ಯಾವುದನ್ನು ಯಾವುದರ ಜೊತೆ ಕಲಸಬಾರದು ಎಂಬ ಪಟ್ಟಿ ಅವರ ಮೇಜಿನ ಮೇಲಿರಲಿ.

ಕಾರ್ಡ್‌ಗಳ, ಕವರಿನ, ಕೊರಿಯರ್ ಚೀಟಿಯ, ಎರಡು ಡಬ್ಬಿಗಳ ಫೋಟೋ ಈ ಪತ್ರದ ಜೊತೆ ಇಟ್ಟಿದ್ದೇನೆ. ಬಲೆಯ ಲೆಕ್ಕ ಬರೆದ ಪುಟಗಳ ನಕಲೂ ಇದೆ. ಒಡೆಯದ ಪೊಟ್ಟಣ ತಂಪಾದ ಜಾಗದಲ್ಲಿದೆ. ಅದನ್ನು ಅಂಚೆಯಲ್ಲಿ ಕಳಿಸುವುದಿಲ್ಲ. ನಿಮ್ಮವರೊಬ್ಬರು ಬಂದು ನನ್ನ ಕಣ್ಣೆದುರಿಗೆ ಚೀಟಿ ಕಿತ್ತು ನೋಡಿ, ಬರೆದುಕೊಂಡು ಒಯ್ಯಲಿ.

ಮುಂದಿನ ನಾಟಿಗೆ ಇನ್ನು ಇಪ್ಪತ್ತೈದು ದಿನ ಇದೆ. ಸಸಿಮಡಿ ಬಿತ್ತಿ ಆಗಿದೆ. ಪಕ್ಕದವರನ್ನು ಇನ್ನೊಂದು ಸಲ ಕೇಳಿದ್ದೇನೆ, ನಿನ್ನ ಕಂಪನಿಯವರು ಏನು ಹೇಳುತ್ತಾರೆ ನೋಡೋಣ ಅಂದಿದ್ದಾರೆ. ಹದಿನೈದು ದಿನದೊಳಗೆ ನಿಮ್ಮ ಉತ್ತರ ಬಂದರೆ ಅದನ್ನು ಅವರ ಕೈಗೇ ಕೊಡುತ್ತೇನೆ. ಬರದಿದ್ದರೆ ಇದೇ ಕಾಗದಗಳೊಂದಿಗೆ ಕೃಷಿ ಇಲಾಖೆಗೂ ಗ್ರಾಹಕರ ಆಯೋಗಕ್ಕೂ ದೂರು ಕೊಡುತ್ತೇನೆ.

ವಂದನೆಗಳೊಂದಿಗೆ,
ನಿಮ್ಮ ಗ್ರಾಹಕ