ಬಾಣಂತಿಯ ತಲೆನೋವನ್ನೂ ಕೇಳಿಸಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ನಾನು ತುಮಕೂರು ಜಿಲ್ಲೆಯ ಹಳ್ಳಿಯೊಂದರ ಶಾಲಾ ಶಿಕ್ಷಕಿ. ಹೆರಿಗೆಯಾದ ಹನ್ನೊಂದನೇ ದಿನ ನನ್ನ ತಂಗಿ ತಲೆ ಹಿಡಿದುಕೊಂಡು ಕೂತಳು. ಬಾಣಂತಿಗೆ ಗಾಳಿ ತಾಕಿದೆ ಎಂದು ಅಮ್ಮ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿದರು. ನೀರು ಕುಡಿದರೆ ಶೀತವಾಗುತ್ತದೆಂದು ದಿನಕ್ಕೆ ಎರಡು ಲೋಟಕ್ಕಿಂತ ಹೆಚ್ಚು ಕೊಡುತ್ತಿರಲಿಲ್ಲ. ಮೆಡಿಕಲ್ ಸ್ಟೋರಿನಿಂದ ನೋವಿನ ಮಾತ್ರೆ ತಂದುಕೊಟ್ಟವಳು ನಾನೇ. ಹದಿನಾಲ್ಕನೇ ದಿನ ಊರಿನ ಆರೋಗ್ಯ ಕಾರ್ಯಕರ್ತೆ ಆಶಾ ಅಕ್ಕ ಮನೆಗೆ ಬಂದರು, ಮಗುವನ್ನು ತೂಗಿದರು, ಜ್ವರ ನೋಡಿದರು, ಬರೆದುಕೊಂಡು ಹೋದರು. ತಾಯಿ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು. ಆ ರಾತ್ರಿಯೇ ಅವಳಿಗೆ ಫಿಟ್ಸ್ ಬಂತು, ಬಲಗೈ ಸ್ವಾಧೀನ ತಪ್ಪಿತು.

ಮಿದುಳಿನಿಂದ ರಕ್ತವನ್ನು ಹೊರಗೆ ಒಯ್ಯುವ ಸಿರೆಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಹೆರಿಗೆಯ ನಂತರ ಸುಮಾರು ಆರು ವಾರ ಹೆಣ್ಣಿನ ರಕ್ತ ಬೇಗ ಹೆಪ್ಪುಗಟ್ಟುತ್ತದೆ, ಮೈಯಲ್ಲಿ ನೀರು ಕಡಿಮೆಯಾದರೆ ಅಪಾಯ ಇನ್ನೂ ಹೆಚ್ಚು ಎಂದು ಡಾಕ್ಟರು ವಿವರಿಸಿದಾಗ ಅಮ್ಮ ಅಲ್ಲೇ ಕುಸಿದು ಕೂತರು. ಅವರ ತಾಯಿ ಅವರಿಗೆ ಮಾಡಿದ್ದನ್ನೇ ಅವರು ಮಗಳಿಗೆ ಮಾಡಿದ್ದರು. ತಂಗಿ ಬದುಕಿದಳು. ಕೈ ಮಾತ್ರ ಇನ್ನೂ ಪೂರ್ತಿ ಹಿಡಿತಕ್ಕೆ ಬಂದಿಲ್ಲ.

ನಮ್ಮ ಮನೆಗಳಲ್ಲಿ ತಲೆನೋವು ಅಂದರೆ ಪಿತ್ತ, ಇಲ್ಲವೇ ಬಿಸಿಲು, ಇಲ್ಲವೇ ಕನ್ನಡಕ. ಹೆಚ್ಚಿನ ತಲೆನೋವು ಅಪಾಯದ್ದಲ್ಲ ಎಂಬುದೂ ನಿಜವೇ. ವಾಂತಿಯಾದ ಮೇಲೆ ಹಗುರಾಗುವ, ಬೆಳಕು, ಸದ್ದು ಸಹಿಸಲಾಗದ ಅರೆತಲೆನೋವು ಬಹಳ ಸಲ ಮೈಗ್ರೇನ್. ನಿಮ್ಹಾನ್ಸ್ ತಜ್ಞರು ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಯಸ್ಕರಲ್ಲಿ ನಾಲ್ವರಿಗೊಬ್ಬರಿಗೆ ಅದು ಕಂಡುಬಂದಿತ್ತು. ಇಷ್ಟು ಸಾಮಾನ್ಯವಾದ್ದರಿಂದಲೇ ಬೇರೆ ಜಾತಿಯ ತಲೆನೋವು ಬಂದಾಗ ನಮಗೆ ಗುರುತು ಸಿಗುವುದಿಲ್ಲ. ಸಿಡಿಲು ಹೊಡೆದಂತೆ ಒಮ್ಮೆಲೇ ಬಂದದ್ದು, ಜ್ವರದ ಜೊತೆ ಕತ್ತು ಬಗ್ಗಿಸಲಾಗದ್ದು, ಮಾತು ತೊದಲುವುದು, ಕೈಕಾಲು ಸೋಲುವುದು, ಕಣ್ಣು ಮಂಜಾಗುವುದು, ತಲೆಗೆ ಪೆಟ್ಟಾದ ಮೇಲೆ ಹೆಚ್ಚುತ್ತಲೇ ಹೋಗುವುದು: ಇವುಗಳಿಗೆ ಮಾತ್ರೆ ನುಂಗಿ ಕಾಯುವಂತಿಲ್ಲ, 108ಕ್ಕೆ ಫೋನ್ ಮಾಡಬೇಕು. ಐವತ್ತು ದಾಟಿದವರಿಗೆ ಹೊಸದಾಗಿ ಶುರುವಾದ ತಲೆನೋವನ್ನೂ ಡಾಕ್ಟರು ನೋಡಲೇಬೇಕು. ಇನ್ನು ತಿಂಗಳಲ್ಲಿ ಹದಿನೈದು ದಿನ ನೋವಿನ ಮಾತ್ರೆ ನುಂಗುವವರಿಗೆ ಆ ಮಾತ್ರೆಯೇ ತಲೆನೋವು ತರಬಹುದು ಎಂಬುದನ್ನು ನಮ್ಮೂರಲ್ಲಿ ಯಾರೂ ಕೇಳಿಯೇ ಇಲ್ಲ.

ಬಸುರಿ, ಬಾಣಂತಿಯರ ತಲೆನೋವಿಗೆ ಇನ್ನೊಂದು ಕಾರಣ ಬಿಪಿ. ಅದು 140/90 ಮುಟ್ಟಿ ತಲೆನೋವೂ ಇದ್ದರೆ ಫಿಟ್ಸಿಗೆ ಮುನ್ಸೂಚನೆ ಇರಬಹುದು. ಹೆರಿಗೆಯಾಯಿತು, ಇನ್ನೇನು ಭಯವಿಲ್ಲ ಎನ್ನುವಂತಿಲ್ಲ.

ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ 3, 7, 14, 21, 28 ಮತ್ತು 42ನೇ ದಿನ ಆಶಾ ಬರಬೇಕೆಂಬ ನಿಯಮ ಈಗಲೇ ಇದೆ. ಅಂದರೆ ಆರು ಸಲ ಸರ್ಕಾರವೇ ಬಾಣಂತಿಯ ಹೊಸ್ತಿಲಲ್ಲಿ ನಿಲ್ಲುತ್ತದೆ. ಆ ಆರೂ ಭೇಟಿಗಳಲ್ಲಿ "ತಲೆನೋವು ಇದೆಯಾ? ನೀರು ಎಷ್ಟು ಕುಡಿದೆ?" ಎಂದು ತಾಯಿಯನ್ನೇ ಕೇಳುವುದನ್ನು, ಬಿಪಿ ನೋಡುವುದನ್ನು ಕಡ್ಡಾಯ ಮಾಡಿ. ನಮ್ಮ ಆಶಾ ಅಕ್ಕನ ಚೀಲದಲ್ಲಿ ಬಿಪಿ ಮಿಷನ್ ಇರಲಿಲ್ಲ, ಅದನ್ನು ಕೊಡಿ. ಕೆಲಸ ಹೆಚ್ಚಿದಂತೆ ಅವರ ಗೌರವಧನವೂ ಹೆಚ್ಚಲಿ. ತಾಯಿ ಕಾರ್ಡಿನಲ್ಲಿ ಈ ಲಕ್ಷಣಗಳನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ. ತಲೆನೋವು, ಮೂರ್ಛೆರೋಗ, ಪಾರ್ಶ್ವವಾಯುಗಳ ಬಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರನ್ನು ತರಬೇತುಗೊಳಿಸಲು ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ ಶುರುವಾದ ಮಿದುಳು ಆರೋಗ್ಯ ಕಾರ್ಯಕ್ರಮವನ್ನು ಆಶಾ ಕಾರ್ಯಕರ್ತೆಯರ ತನಕ ತನ್ನಿ.

ಬರುವ ತಿಂಗಳು ನಮ್ಮ ಬೀದಿಯಲ್ಲಿ ಇಬ್ಬರಿಗೆ ಹೆರಿಗೆ. ಅವರ ಮನೆಗಳಿಗೆ ನಾನು ಹೋಗಿ ಬರುತ್ತೇನೆ, ಅಮ್ಮನೂ ಬರುತ್ತಾರೆ. ತಮ್ಮ ಆದೇಶಕ್ಕಾಗಿ ಕಾಯುತ್ತಿರುತ್ತೇವೆ.

ಇಂತಿ,
ತುಮಕೂರು ಜಿಲ್ಲೆಯ ಒಬ್ಬ ಶಿಕ್ಷಕಿ