31ನೇ ಫ್ರೇಮಿನ ಬಗ್ಗೆ, ಮಗಳಿಗೆ

ಕೋಲಾರ
ಭಾನುವಾರ ರಾತ್ರಿ

ಪುಟ್ಟಿ,

"ನಂಗೆ ಅಮ್ಮ ಬೇಕಿತ್ತು, ಲೀಡ್ ಅಲ್ಲ" ಅಂದು ನೀನು ಫೋನ್ ಇಟ್ಟುಬಿಟ್ಟೆ. ಅನಿಮೇಷನ್ ಸ್ಟುಡಿಯೊದವರು "ಈ ಸಲ ಇಲ್ಲ" ಅಂತ ಮೇಲ್ ಕಳಿಸಿದ ದಿನವೇ ನಾನು ತಂಡದ ಲೀಡ್ ಅನಿಮೇಟರ್ ಥರ, ನೀನು ಮಾಡಿದ ಶಾಟುಗಳನ್ನು ಜೋಡಿಸಿದ ಡೆಮೊ ರೀಲ್ ಬಿಚ್ಚಿಕೊಂಡು ಕೂತೆ ಅಂತ ನಿನಗೆ ಸಿಟ್ಟು. ಸಾರಿ ಕಣೇ. ಹೇಳಿದ ಮಾತಿಗಲ್ಲ, ಹೇಳಿದ ಹೊತ್ತಿಗೆ. ಕಾಗದದಲ್ಲಾದರೆ ನೀನು ಮಧ್ಯೆ ಬಾಯಿ ಹಾಕೋಕಾಗಲ್ಲ, ಅದಕ್ಕೇ ಬರೀತಿದ್ದೀನಿ.

ನಿನ್ನ ರೀಲಿನಲ್ಲಿ ಒಬ್ಬ ಟೊಮೆಟೊ ಬಾಕ್ಸ್ ಎತ್ತೋ ಆ ಶಾಟ್. 110 ಫ್ರೇಮ್, ಸೆಕೆಂಡಿಗೆ 24ರ ಲೆಕ್ಕದಲ್ಲಿ ನಾಲ್ಕೂವರೆ ಸೆಕೆಂಡ್ ಚಿಲ್ಲರೆ. 31ನೇ ಫ್ರೇಮಿನಲ್ಲಿ ಕೈ ಬಾಕ್ಸನ್ನು ಮುಟ್ಟುತ್ತೆ, 32ರಲ್ಲಿ ಬಾಕ್ಸ್ ನೆಲ ಬಿಟ್ಟಾಗಿದೆ. ನಮ್ಮ ಎಪಿಎಂಸಿ ಯಾರ್ಡಿನ 15 ಕೆ.ಜಿ. ಬಾಕ್ಸು ಅದು, ಥರ್ಮಾಕೋಲ್ ತುಂಡಲ್ಲ. ಮೊದಲು ಬೆರಳಿಗೆ ಹಿಡಿ ಸಿಗಬೇಕು. ಮೊಣಕೈ ನೆಟ್ಟಗಾಗಬೇಕು. ಭಾರ ಹೆಗಲನ್ನು ಕೆಳಕ್ಕೆ ಜಗ್ಗಬೇಕು, ಸೊಂಟ ಹಿಂದಕ್ಕೆ ಸರಿದು ಇನ್ನೊಂಚೂರು ಕುಗ್ಗಬೇಕು. ಇಷ್ಟಕ್ಕೆ ಐದಾರು ಫ್ರೇಮ್ ಬೇಕು, ಅಷ್ಟೂ ಹೊತ್ತು ಬಾಕ್ಸ್ ಮಿಸುಕಬಾರದು. ಆಮೇಲೆ ಒಂದು ಅಂಚು ಮೊದಲು ಏಳಲಿ, ಎರಡು ಫ್ರೇಮ್ ತಡೆದು ಇನ್ನೊಂದು ಅಂಚು. ನೋಡುವವರಿಗೆ ಬಾಕ್ಸ್ ಭಾರ ಅಂತ ಗೊತ್ತಾಗೋದು ಅದು ಮೇಲೆ ಬಂದಾಗಲ್ಲ, ಬರದೇ ಇದ್ದಾಗ.

58ನೇ ಫ್ರೇಮಿಗೆ ಬಾ. ಎಡಗಾಲು ಎದ್ದಿದೆ, ಸೊಂಟ ಮಾತ್ರ ಎರಡು ಕಾಲಿನ ನಟ್ಟನಡುವೆ ನಿಂತಿದೆ. ನಿಜವಾದ ಮನುಷ್ಯ ಹಾಗೆ ಮಾಡಿದರೆ ಎಡಕ್ಕೆ ಬೀಳ್ತಾನೆ. ಕಾಲೆತ್ತೋಕೆ ಮೂರ್ನಾಲ್ಕು ಫ್ರೇಮ್ ಮುಂಚೆಯೇ ಸೊಂಟ ಬಲಗಾಲಿನ ಮೇಲೆ ಬಂದಿರಬೇಕು. ಮುಂದಿನಿಂದ ಒಂದು ಕ್ಯಾಮೆರಾ ಇಟ್ಟು, ಸೊಂಟದಿಂದ ನೆಲಕ್ಕೆ ನೇರ ಗೆರೆ ಎಳೆದು ನೋಡು. ಪಕ್ಕದಿಂದಲೂ ನೋಡು: ಬಾಕ್ಸ್ ಎದೆ ಮುಂದೆ ಇದೆ ಅಂದಮೇಲೆ ಬೆನ್ನು ಹಿಂದಕ್ಕೆ ವಾಲಲೇಬೇಕು, ಮೈಯ ಭಾರ, ಬಾಕ್ಸಿನ ಭಾರ ಎರಡೂ ಸೇರಿ ಪಾದದ ಮೇಲೆ ಬೀಳೋ ಹಾಗೆ. ನಿನ್ನವನು ಬರಿಗೈಲಿ ನಿಂತಂತೆ ನೆಟ್ಟಗೆ ನಿಂತಿದ್ದಾನೆ.

ಇದಕ್ಕಿಂತ ನನಗೆ ಕಸಿವಿಸಿಯಾಗಿದ್ದು ಅವನ ಮುಖ. ಹಲ್ಲು ಕಚ್ಚಿ, ಹುಬ್ಬು ಗಂಟು ಹಾಕಿ, ಉಸಿರು ಬಿಗಿಹಿಡಿದು... ಹದಿನೈದು ಕೆ.ಜಿ.ಗೆ! ಯಾರ್ಡಿನ ಹಮಾಲರು ಪಕ್ಕದವರ ಜೊತೆ ಹರಟೆ ಹೊಡೀತಾನೇ ಎತ್ತಿ ಲಾರಿಗೆ ಕೊಡ್ತಾರೆ. ಮಾತು ಒಂದು ಗಳಿಗೆ ಕಡಿಯುತ್ತೆ, ಎತ್ತೋ ಆ ಹೊತ್ತಿಗೆ ಮಾತ್ರ. ಮುಂದಿನ ಪದ ಸ್ವಲ್ಪ ಒತ್ತಿ ಹೊರಗೆ ಬರುತ್ತೆ, ಅಷ್ಟೇ. ತಲೆ ಮೇಲೆ ಹೊತ್ತಾಗ ಗಮನಿಸು: ಹೆಜ್ಜೆ ಚಿಕ್ಕದಾಗಿ ಚುರುಕಾಗುತ್ತೆ, ಮೊಣಕಾಲು ಪೂರ್ತಿ ನೆಟ್ಟಗಾಗಲ್ಲ, ಕತ್ತು ಕುಲುಕಲ್ಲ. ಭಾರ ಸೊಂಟದಲ್ಲಿರಲಿ, ಮುಖಕ್ಕೆ ಬೇರೆ ಕೆಲಸ ಕೊಡು. ಡಿಸ್ನಿ ಸ್ಟುಡಿಯೊದವರು 1932ರಷ್ಟು ಹಿಂದೆಯೇ ಡಾನ್ ಗ್ರಹಾಂ ಅನ್ನೋ ಮೇಷ್ಟ್ರನ್ನ ಕರೆಸಿ, ಸಂಬಳದ ಚಿತ್ರಗಾರರನ್ನೇ ಕೂರಿಸಿ ಮೈ ನೋಡಿ ಬರೆಯೋದು ಕಲಿಸಿದ್ದು ಸುಮ್ಮನೇ ಅಲ್ಲ. ನೀನು ಇಂಟರ್‌ವ್ಯೂಗೆ ಅಂತ ಅನಿಮೇಷನ್ನಿನ ಹನ್ನೆರಡು ತತ್ವ ಬಾಯಿಪಾಠ ಮಾಡಿದೆ. ಯಾರೂ ಕೇಳಿರಲ್ಲ, ಬಿಡು.

ರೆಫರೆನ್ಸ್, ಅಂದರೆ ನೋಡ್ಕೊಂಡು ಮಾಡೋಕೆ ನಿನ್ನದೇ ವಿಡಿಯೊ, ತೆಗೆದೆ ಅಂದೆ. ಸೋಫಾ ದಿಂಬು ಎತ್ತಿ ತೆಗೆದದ್ದು ಅಂತ ನೋಡಿದರೇ ಗೊತ್ತಾಗುತ್ತೆ. ಎತ್ತೋ ವಸ್ತುವಿಗೆ ನಿಜವಾದ ತೂಕ ಇರಲಿ, ಪಾದದಿಂದ ತಲೆವರೆಗೆ ಫ್ರೇಮಿನೊಳಗಿರಲಿ, ಕ್ಯಾಮೆರಾ ನಿನ್ನ ಶಾಟಿನ ಎತ್ತರದಲ್ಲೇ ಇರಲಿ. ಫೋನು ಸಾಮಾನ್ಯವಾಗಿ 30 ಫ್ರೇಮಿನಲ್ಲಿ ತೆಗೆಯುತ್ತೆ, ಸಿನಿಮಾ 24. ಸೆಟ್ಟಿಂಗ್ ಬದಲಿಸು, ಇಲ್ಲಾಂದ್ರೆ ಫ್ರೇಮ್ ಎಣಿಸಿ ಕೀ (ಈ ಫ್ರೇಮಿನಲ್ಲಿ ಮೈ ಹೀಗಿರಲಿ ಅನ್ನೋ ಗುರುತು) ಇಟ್ಟಾಗ ಎಲ್ಲ ನಿಧಾನ ಆಗುತ್ತೆ. ಹತ್ತು ಟೇಕ್ ತೆಗಿ, ಮೊದಲ ಮೂರನ್ನು ಅಳಿಸು, ಅದರಲ್ಲಿ ನೀನು ನಟಿಸ್ತಿರ್ತೀಯ.

ಬ್ಲಾಕಿಂಗ್, ಅಂದರೆ ಮುಖ್ಯ ಪೋಸುಗಳನ್ನಷ್ಟೇ ಇಟ್ಟ ಹಂತ, ಚೆನ್ನಾಗಿತ್ತು, ಸ್ಪ್ಲೈನ್ ಮಾಡಿ ನಡುವಿನ ಚಲನೆ ತುಂಬಿಸಿದ ಕೂಡಲೇ ತೇಲೋಕೆ ಶುರುವಾಯ್ತು ಅಂತ ಗೋಳಾಡ್ತೀಯ. ಎಲ್ಲರಿಗೂ ಆಗೋದೇ. ಎರಡು ಪೋಸಿನ ನಡುವೆ ಏನಾಗಬೇಕು ಅಂತ ನೀನು ಹೇಳದಿದ್ದರೆ ಮಾಯಾ ಸಾಫ್ಟ್‌ವೇರ್ ತನಗೆ ತೋಚಿದ ಹಾಗೆ ನುಣ್ಣಗೆ ತುಂಬಿಬಿಡುತ್ತೆ, ತಡೆದು ನಿಂತ ಪೋಸುಗಳೆಲ್ಲ ಕರಗಿಹೋಗ್ತವೆ. ಪೋಸಿನಿಂದ ಪೋಸಿಗೆ ನೆಗೆಯೋ ಸ್ಟೆಪ್ಡ್‌ನಲ್ಲಿರುವಾಗಲೇ, ಮೈ ಜೋರಾಗಿ ಆಡೋ ಕಡೆ ಮೂರ್ನಾಲ್ಕು ಫ್ರೇಮಿಗೊಂದು ಬ್ರೇಕ್‌ಡೌನ್ (ನಡುವಿನ ಪೋಸು) ಇಡು. ನಿಲ್ಲೋ ಕಡೆ ಅದೇ ಪೋಸನ್ನು ಚೂರೇ ಚೂರು ಮುಂದುವರಿಸಿ ಎರಡನೇ ಕೀ ಹಾಕು. ಆಮೇಲೆ ಚಲನೆಯನ್ನು ಗೆರೆಯಾಗಿ ತೋರಿಸೋ ಗ್ರಾಫ್ ಎಡಿಟರ್‌ನಲ್ಲಿ ಮೊದಲು ಸೊಂಟ: ಮೇಲೆ-ಕೆಳಗೆ, ನಂತರ ಅಕ್ಕಪಕ್ಕ. ಕೈ, ತಲೆ ಎಲ್ಲ ಹೈಡ್ ಮಾಡಿ ಪ್ಲೇ ಮಾಡು. ಬರೀ ಸೊಂಟ, ಕಾಲು ನೋಡಿದರೂ ಬಾಕ್ಸಿನ ಭಾರ ತಿಳೀಬೇಕು. ಮೊಣಕಾಲು ಪಟ್ಟನೆ ಹೊಡೆದಂಗೆ ನೆಟ್ಟಗಾಗೋ ಕಡೆ ಕಾಲಿಗೆ ಕೀ ಮೇಲೆ ಕೀ ತುರುಕಬೇಡ, ಸೊಂಟ ಕೂದಲೆಳೆಯಷ್ಟು ಇಳಿಸು ಅಥವಾ ಹಿಮ್ಮಡಿ ಒಂದು ಫ್ರೇಮ್ ಮುಂಚೆ ಎತ್ತು.

ಬಾಕ್ಸ್ ಕೈಯಿಂದ ಜಾರ್ತಿರೋದು ರಿಗ್ಗಿನ, ಅಂದರೆ ಬೊಂಬೆಯೊಳಗಿನ ಮೂಳೆಕಟ್ಟಿನ, ತಪ್ಪಲ್ಲ. ಎರಡೂ ಕೈ ಐಕೆ ಮಾಡಿ (ಅಂಗೈ ಇಟ್ಟ ಕಡೆಗೆ ತೋಳು ತಾನೇ ಬರೋ ಹಾಗೆ) ಬಾಕ್ಸಿಗೆ ಕಟ್ಟು, ಎತ್ತಿದ ಮೇಲೆ ಬಾಕ್ಸ್ ಎದೆಯನ್ನು ಹಿಂಬಾಲಿಸಲಿ. ಹಿಡಿಯೋ ಫ್ರೇಮಿನಲ್ಲಿ ಸ್ಪೇಸ್, ಅಂದರೆ ಯಾವುದು ಯಾವುದನ್ನ ಹಿಂಬಾಲಿಸಬೇಕು ಅನ್ನೋದನ್ನ, ಬದಲಿಸುವಾಗ ಅದರ ಹಿಂದಿನ ಫ್ರೇಮಿಗೂ ಕೀ ಇಡು. ಅದನ್ನ ಮರೆತರೆ ಒಂದು ಫ್ರೇಮ್ ಬಾಕ್ಸ್ ಎಗರುತ್ತೆ, ನಿನ್ನದು ಎಗರುತ್ತೆ, 30ರಲ್ಲಿ.

ನೋಡು, ಮತ್ತೆ 31ರ ಸುತ್ತಲೇ ಗಿರಕಿ ಹೊಡೀತಿದ್ದೀನಿ. ನನ್ನ ಭಯ ಏನು ಅಂದರೆ, ನಿನ್ನ ಕೈ ಚುರುಕು. ಕೈ ನಿಂತ ಮೇಲೂ ಬೆರಳು ಚೂರು ತಡವಾಗಿ ನಿಲ್ಲೋ ಓವರ್‌ಲ್ಯಾಪ್, ಅಂಗಿ ತುದಿ, ಕೂದಲು, ಇವನ್ನೆಲ್ಲ ನೀನು ನನಗಿಂತ ಚೆನ್ನಾಗಿ ಮಾಡ್ತೀಯ. ಅದರಿಂದಲೇ ಭಾರದ ತಪ್ಪು ಮುಚ್ಚಿಹೋಗುತ್ತೆ, ನಿನ್ನ ಕಣ್ಣಿಗೆ ಮಾತ್ರ. ಫೀಚರ್ ಸಿನಿಮಾದಲ್ಲಿ ಅನುಭವಸ್ಥರ ಕೈಯಿಂದಲೂ ವಾರಕ್ಕೆ ಮೂರ್ನಾಲ್ಕು ಸೆಕೆಂಡ್ ಬಂದರೆ ದೊಡ್ಡದು. ಜೂನಿಯರ್‌ಗೆ ಮೊದಲು ಸಿಗೋದು ಹಿಂದಿನ ಗುಂಪಿನ ನಾಲ್ಕು ಜನ, ಬಾಗಿಲು ತೆಗೆಯೋ ಒಬ್ಬ. ದಿನದ ಕೆಲಸ ನೋಡೋ ಡೈಲೀಸ್‌ನಲ್ಲಿ ಡೈರೆಕ್ಟರ್ ಬೇಡ ಅಂದರೆ ಎರಡು ವಾರದ ಕೆಲಸ ಅಲ್ಲಿಗೇ ಮುಗೀತು. ಅಂಥ ಕಡೆ ನಿಂತ ಮನುಷ್ಯನ್ನ ನಿಲ್ಲಿಸೋಕೆ ಬಾರದಿದ್ದರೆ ಮಾತಾಡೋ ಶಾಟ್ ನಿನ್ನ ಕೈಗೆ ಬರೋದೇ ಇಲ್ಲ, ಬೇರೆಯವರ ಶಾಟ್ ಕ್ಲೀನಪ್ ಮಾಡ್ಕೊಂಡು ವರ್ಷ ಕಳೆದುಹೋಗುತ್ತೆ. ಹಾಗೆ ಕಳೆದುಹೋದವರನ್ನ ನಾನು ಬಲ್ಲೆ. ನಿನ್ನ ಕಣ್ಣಲ್ಲಿ ಅದನ್ನ ನೋಡೋಕೆ ನನಗಿಷ್ಟ ಇಲ್ಲ, ಇಷ್ಟೇ.

ರೀಲ್ ಬಗ್ಗೆ ಎರಡೇ ಮಾತು. ಎರಡೂಕಾಲು ನಿಮಿಷ ಯಾರಿಗೆ ಬೇಕು? ಒಂದು ನಿಮಿಷ ಸಾಕು, ಒಂದೂವರೆ ದಾಟಬಾರದು. ಒಳ್ಳೇ ಶಾಟ್ ಮೊದಲಿಗೆ, ಅನುಮಾನ ಇರೋದು ಕಸದಬುಟ್ಟಿಗೆ. ನೀನು ಮಾಡಿದ ಮಾಡೆಲಿಂಗ್, ಲೈಟಿಂಗ್ ತೋರಿಸಬೇಡ, ಬಣ್ಣ, ಬೆಳಕು ಹಾಕದ ಬೂದು ಪ್ಲೇಬ್ಲಾಸ್ಟ್ ವಿಡಿಯೊ ನಡೆಯುತ್ತೆ. ಲಿಪ್‌ಸಿಂಕ್‌ನಲ್ಲಿ ಪ, ಬ, ಮ ಬಂದಾಗ ತುಟಿ ಕಡೇಪಕ್ಷ ಎರಡು ಫ್ರೇಮ್ ಮುಚ್ಚಿರಲಿ, ಉಳಿದದ್ದು ಪರವಾಗಿಲ್ಲ.

ಫೋನಲ್ಲಿ ಹೇಳೋಕೆ ನೀನು ಬಿಡಲಿಲ್ಲ. 84ರಿಂದ 97: ಬಾಕ್ಸ್ ಇಳಿಸಿದ ಮೇಲೆ ಅವನು ಯಾರನ್ನೋ ನೋಡ್ತಾನಲ್ಲ. ಮೊದಲು ಕಣ್ಣು ಹೋಗುತ್ತೆ, ರೆಪ್ಪೆ ಬಡಿಯುತ್ತೆ, ಆಮೇಲೆ ತಲೆ ಅರ್ಧ ತಿರುಗಿ ನಿಂತುಬಿಡುತ್ತೆ. ಆ ಅರ್ಧಕ್ಕೆ ನಿಲ್ಲಿಸಿದ್ದು ಯಾರೂ ಹೇಳಿಕೊಟ್ಟಿದ್ದಲ್ಲ. ನಿಮ್ಮಪ್ಪನಿಗೆ ತೋರಿಸಿದೆ. "ಇವನು ಸಾಲ ಕೇಳೋಕೆ ಹೊರಟಿದ್ದಾನೆ" ಅಂದರು. ಅವರಿಗೆ ಕಥೆ ಯಾರೂ ಹೇಳಿರಲಿಲ್ಲ. ಆ ಹದಿನಾಲ್ಕು ಫ್ರೇಮನ್ನು ಮುಟ್ಟಬೇಡ, ಯಾರು ಏನೇ ಅನ್ನಲಿ, ನಾನು ಅಂದರೂ.

ಪಿಜಿಯಲ್ಲಿ ರಾತ್ರಿ ಎರಡರವರೆಗೆ ಕೂರೋದು ನಿಲ್ಲಿಸು. ಮಣಿಕಟ್ಟು ನೋಯ್ತಿದೆ ಅಂದಿದ್ದೆ. ಮೇಜು ಎತ್ತರ ಜಾಸ್ತಿ ಇದ್ದರೆ ಕುರ್ಚಿ ಏರಿಸು, ಕಾಲ ಕೆಳಗೆ ಏನಾದರೂ ಇಟ್ಕೊ, ಮೌಸ್ ಹಿಡಿದಾಗ ಮೊಣಕೈ ಮೇಜಿನ ಮಟ್ಟಕ್ಕೆ ಬರಲಿ. ಸುಮ್ಮನೆ ಬಾಮ್ ಹಚ್ಚಿಕೊಂಡರೆ ಹೋಗಲ್ಲ ಅದು.

ಶುಕ್ರವಾರ ರಾತ್ರಿ ಬಸ್ ಹತ್ತು. ಶನಿವಾರ ಬೆಳಿಗ್ಗೆ ಹರಾಜು ಮುಗಿದು ಲೋಡಿಂಗ್ ಶುರುವಾಗೋ ಹೊತ್ತಿಗೆ ಯಾರ್ಡಿಗೆ ಹೋಗೋಣ. ಅಪ್ಪ ಮಂಡಿಯವರ ಹತ್ತಿರ ಮಾತಾಡಿದ್ದಾರೆ, ವಿಡಿಯೊ ತೆಗಿಯೋಕೆ ಅಡ್ಡಿ ಇಲ್ಲವಂತೆ, ಲಾರಿ ದಾರಿಗೆ ಅಡ್ಡ ನಿಲ್ಲಬೇಡಿ ಅಂದಿದ್ದಾರೆ ಅಷ್ಟೇ. ಎತ್ತೋದನ್ನ ಎದುರಿನಿಂದ, ಪಕ್ಕದಿಂದ ಎರಡೂ ಕಡೆ ತೆಗೀಬೇಕು, ನಿನ್ನ ಫೋನೂ ಚಾರ್ಜ್ ಮಾಡ್ಕೊಂಡು ಬಾ. ಟ್ರೈಪಾಡ್ ಇಲ್ಲೇ ಇದೆ. ಹಳೇ ಚಪ್ಪಲಿ ಹಾಕ್ಕೊ, ಅಲ್ಲೆಲ್ಲ ಟೊಮೆಟೊ ಕೆಸರು.

ಅಮ್ಮ