ಸಾರಿಗೆ ನೌಕರರ ವಿವಾದವನ್ನು ಮುಷ್ಕರಕ್ಕೆ ಮೊದಲೇ ಬಗೆಹರಿಸುವಂತೆ ಕೋರಿ ಮನವಿ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ತುಮಕೂರು ಜಿಲ್ಲೆ, ತುಮಕೂರು.

ವಿಷಯ: ಸಾರಿಗೆ ನಿಗಮ ಮತ್ತು ನೌಕರರ ನಡುವಿನ ವಿವಾದದಲ್ಲಿ ಸರ್ಕಾರದ ಸಕಾಲಿಕ ಮೇಲ್ವಿಚಾರಣೆ ಕುರಿತು.

ಮಾನ್ಯರೇ,

ಓದು, ಆಸ್ಪತ್ರೆ, ಕೋರ್ಟು, ಕೂಲಿ ಎಂದು ದಿನಾ ತುಮಕೂರಿಗೆ ಬಂದು ಹೋಗುವ ಮಧುಗಿರಿ, ಕೊರಟಗೆರೆ ತಾಲ್ಲೂಕುಗಳ ಹಳ್ಳಿಯವರಾದ ನಮಗೆ ಸರ್ಕಾರಿ ಬಸ್ಸೇ ಆಧಾರ. 2025ರ ಆಗಸ್ಟ್ 5ರ ಮುಷ್ಕರಕ್ಕೆ ಹೈಕೋರ್ಟ್ ಹಿಂದಿನ ದಿನವೇ ತಡೆ ನೀಡಿದ್ದರಿಂದ ಬಸ್ ಬರುತ್ತದೆಂದು ನಂಬಿ ಬೆಳಗ್ಗೆ ಆರಕ್ಕೇ ರಸ್ತೆಗೆ ಬಂದು ನಿಂತವರಲ್ಲಿ ಡಯಾಲಿಸಿಸ್‌ಗೆ ಹೊರಟಿದ್ದ ಹಿರಿಯರೊಬ್ಬರಿದ್ದರು. ಒಂಬತ್ತರವರೆಗೂ ಕಾದ ಅವರ ಮಗ ಕೊನೆಗೆ ಹಾಲಿನ ಟೆಂಪೊದವರನ್ನು ಕೇಳಿಕೊಂಡು, ಡ್ರೈವರ್ ಪಕ್ಕದಲ್ಲಿ ಕೂರಿಸಿ ಕಳುಹಿಸಿದರು.

ನೌಕರರನ್ನು ದೂರುವುದು ನಮ್ಮ ಉದ್ದೇಶವಲ್ಲ. ನಮ್ಮೂರಿನಲ್ಲಿ ರಾತ್ರಿ ಹಾಲ್ಟ್ ಆಗುವ ಬಸ್ಸಿನ ಚಾಲಕ, ನಿರ್ವಾಹಕರು ಸೀಟಿನ ಮೇಲೆಯೇ ಸೊಳ್ಳೆಪರದೆ ಕಟ್ಟಿ ಮಲಗಿ, ನಸುಕಿಗೇ ಎದ್ದು ಮೊದಲ ಟ್ರಿಪ್ ಹೊರಡಿಸುವುದನ್ನು ನಾವು ದಿನವೂ ನೋಡುತ್ತೇವೆ. 2020ರ ಜನವರಿಯಿಂದ 38 ತಿಂಗಳ ವೇತನ ಹಿಂಬಾಕಿ ಮತ್ತು 2024ರ ಜನವರಿಯಿಂದ ಜಾರಿಯಾಗಬೇಕಿದ್ದ ವೇತನ ಪರಿಷ್ಕರಣೆ ಅಂದಿನ ಮುಖ್ಯ ಬೇಡಿಕೆಗಳಾಗಿದ್ದವು. 2021ರ ಏಪ್ರಿಲ್‌ನಲ್ಲಿ ಎರಡು ವಾರ ಬಸ್ ನಿಂತಾಗಲೂ ತಕರಾರಿನ ಮೂಲ ಸಂಬಳವೇ ಆಗಿತ್ತು.

ಇದು ನಿಗಮದ ಆಂತರಿಕ ವಿಚಾರವೆಂದು ಸರ್ಕಾರ ದೂರ ನಿಲ್ಲಲಾಗದು. 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ 34ನೇ ಕಲಂ ನಿಗಮಕ್ಕೆ ನಿರ್ದೇಶನ ನೀಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೇ ಕೊಟ್ಟಿದೆ. 2023ರ ಜೂನ್ 11ರಿಂದ ನಡೆಯುತ್ತಿರುವ ಶಕ್ತಿ ಯೋಜನೆಯ ಟಿಕೆಟ್ ಹಣವನ್ನು ನಿಗಮಕ್ಕೆ ಭರಿಸಬೇಕಾದದ್ದೂ ಸರ್ಕಾರವೇ. ಸಾರ್ವಜನಿಕ ಉಪಯುಕ್ತ ಸೇವೆಯಲ್ಲಿ ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸ್ ಕೊಡಬೇಕೆಂಬ ನಿಯಮವಿರುವುದು ಆ ಅವಧಿಯಲ್ಲಿ ಕಾರ್ಮಿಕ ಇಲಾಖೆ ಉಭಯ ಪಕ್ಷಗಳನ್ನು ಕೂರಿಸಿ ರಾಜಿ ಸಂಧಾನ ನಡೆಸಲೆಂದು. ಆದರೆ ನಮ್ಮ ಕಣ್ಣಿಗೆ ಬೀಳುವುದು ಕೊನೆಯ ರಾತ್ರಿಯ ಸಭೆ, ಎಸ್ಮಾ (ಅಗತ್ಯ ಸೇವೆಗಳ ನಿರ್ವಹಣಾ ಕಾಯ್ದೆ) ಎಚ್ಚರಿಕೆ, ಮತ್ತು ಬೆಳಗಾದರೆ ಖಾಸಗಿ ವಾಹನಗಳಿಗೆ ದುಪ್ಪಟ್ಟು ದುಡ್ಡು.

ಆದ್ದರಿಂದ ಮುಷ್ಕರದ ನೋಟಿಸ್ ಬಂದ ವಾರದೊಳಗೆ ಸಂಧಾನ ಸಭೆ ಕರೆಯುವಂತೆಯೂ, ಒಪ್ಪಿಕೊಂಡ ಅಂಶಗಳಿಗೆ ದಿನಾಂಕ ನಿಗದಿಪಡಿಸಿ ಬಹಿರಂಗಪಡಿಸುವಂತೆಯೂ ತಾವು ಸಾರಿಗೆ ಮತ್ತು ಕಾರ್ಮಿಕ ಇಲಾಖೆಗಳಿಗೆ ಶಿಫಾರಸು ಮಾಡಬೇಕಾಗಿ ಕೋರುತ್ತೇವೆ. ಜಿಲ್ಲಾ ಮಟ್ಟದಲ್ಲಿ ತಮ್ಮ ಅಧ್ಯಕ್ಷತೆಯಲ್ಲಿ ವಿಭಾಗೀಯ ನಿಯಂತ್ರಣಾಧಿಕಾರಿ, ಕಾರ್ಮಿಕ ಅಧಿಕಾರಿ, ನೌಕರರ ಸಂಘಗಳು ಹಾಗೂ ಪ್ರಯಾಣಿಕರ ಸಭೆಯನ್ನು ಮೂರು ತಿಂಗಳಿಗೊಮ್ಮೆ ನಡೆಸಿದರೆ ಡ್ಯೂಟಿ ಹಂಚಿಕೆ, ರಜೆಯಂತಹ ತಕರಾರುಗಳು ಇಲ್ಲಿಯೇ ಇತ್ಯರ್ಥವಾಗಬಹುದು. ಬಸ್ ನಿಲ್ಲುವುದು ಖಚಿತವಾದ ದಿನಗಳಲ್ಲಿ ಡಯಾಲಿಸಿಸ್ ರೋಗಿಗಳಿಗಾದರೂ ಬದಲಿ ವಾಹನ ಒದಗಿಸಬೇಕು ಮತ್ತು ಆ ಮಾಹಿತಿ ಹಿಂದಿನ ಸಂಜೆಯೊಳಗೆ ಗ್ರಾಮ ಪಂಚಾಯಿತಿಗಳಿಗೆ ತಲುಪಬೇಕೆಂದು ವಿನಂತಿಸುತ್ತೇವೆ.

ತಮ್ಮ ವಿಶ್ವಾಸಿಗಳು,
ಮಧುಗಿರಿ, ಕೊರಟಗೆರೆ ತಾಲ್ಲೂಕುಗಳ ಬಸ್ ಪ್ರಯಾಣಿಕರು
(ಸಹಿಗಳನ್ನು ಲಗತ್ತಿಸಿದೆ)